ತಣ್ಣನೆಯ ಗಾಳಿ ಕುಡಿದ ಲಾರಿಯಲ್ಲಿ ಮಲ್ಲೇಶ್ವರಕ್ಕೆ

ಮಾಘದ ಒಂದು ಬೆಳಗ್ಗೆ, ಆರು ಹೊಡೆದ ಮೇಲೆ, ಬಸವನಗುಡಿಯ ಬಾಡಿಗೆ ಮನೆಗೆ ಬೀಗ ಹಾಕಿ ಹೊರಟೆವು. ಮಲ್ಲೇಶ್ವರಕ್ಕೆ ಐದು ಮೈಲಿ, ಲಾರಿಗೆ ಎಂಟು ರೂಪಾಯಿ. ಐದು ಮೈಲಿಗೂ ಪ್ರವಾಸ ಕಥನವೇ ಎಂದು ನಗಬೇಡಿ. ಕಾಶಿಗೆ ಹೋದಾಗಲೂ ನನ್ನ ಎದೆ ಇಷ್ಟು ಹೊಡೆದುಕೊಂಡಿರಲಿಲ್ಲ. ಇಪ್ಪತ್ತೆರಡು ವರ್ಷ ಬಾಡಿಗೆ ಮನೆಗಳಲ್ಲಿ ಒಲೆ ಹಚ್ಚಿದ ಅಮ್ಮ, ಏಳೂವರೆಯೊಳಗಿನ ಮುಹೂರ್ತದಲ್ಲಿ ಸ್ವಂತ ಮನೆಯಲ್ಲಿ ಹಾಲು ಉಕ್ಕಿಸಬೇಕಿತ್ತು. ಹಾಲಿನ ತಂಬಿಗೆಯನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದು ಅವಳು ಲಾರಿಯ ಮುಂದೆ ಡ್ರೈವರಿಗೂ ನನಗೂ ನಡುವೆ ಕೂತಿದ್ದಳು.

ಡ್ರೈವರ್ ಮುನಿಯಪ್ಪನವರ ಮುಖ ಗಂಟಿಕ್ಕಿತ್ತು. ಕಾರಣ ನಾನೇ. ಎಂಜಿನ್ನಿನ ಬಿಸಿ ಹೊಗೆಕೊಳವೆಯ ಪಕ್ಕದ ಬೆಚ್ಚನೆಯ ಗಾಳಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಹೋಗಲೆಂದು ಅವರು ಎಣ್ಣೆ ಡಬ್ಬಿಯ ತಗಡಿನಲ್ಲಿ ಒಂದು ಕೊಳವೆ ಮಾಡಿಸಿದ್ದರು. ಹಿಂದಿನ ಸಂಜೆ ಸಾಮಾನು ಏರಿಸುವಾಗ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ ನಾನು, ತಣ್ಣನೆಯ ಗಾಳಿ ಸಾಂದ್ರ, ಅದರಿಂದಲೇ ಶಕ್ತಿ ಹೆಚ್ಚು ಎಂದು ಅರ್ಧ ಗಂಟೆ ಕೊರೆದು, ಅದನ್ನು ಬಿಚ್ಚಿಸಿ ಕಸದ ಗುಡ್ಡೆಗೆ ಎಸೆದಿದ್ದೆ.

ಚಾಮರಾಜಪೇಟೆ ದಾಟುವವರೆಗೆ ಲಾರಿ ಚೆನ್ನಾಗಿಯೇ ಓಡಿತು. "ನೋಡಿದ್ರಾ?" ಎಂದೆ. ಮಂಜು ದಟ್ಟವಾಗಿತ್ತು. ಸುಲ್ತಾನ್‌ಪೇಟೆಯಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು. ಬಾನೆಟ್ ಎತ್ತಿದರೆ ಕಾರ್ಬ್ಯುರೇಟರಿನ ಮೈಮೇಲೆ ಬೆಳ್ಳನೆಯ ಹಿಮ! ಬೆಂಗಳೂರಿನಲ್ಲಿ! ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆಂದು ನಾನೇ ಪಾಠ ಮಾಡುತ್ತೇನೆ. ಮಂಜಿನ ತೇವ ಒಳಗೆ ಹೆಪ್ಪುಗಟ್ಟಿ ಗಾಳಿಯ ದಾರಿ ಮುಚ್ಚಿತ್ತು. ಗಂಟೆ ಆರು ಮುಕ್ಕಾಲು.

"ನಿಂತ್ರೆ ಕರಗ್ತದೆ ಮೇಷ್ಟ್ರೇ. ಹೊರಟ್ರೆ ಮತ್ತೆ ಕಟ್ತದೆ. ಕೊಳವೆ ಇಲ್ದೆ ಆಗಲ್ಲ," ಎಂದರು ಮುನಿಯಪ್ಪ.

ನನಗೆ ಅಳುವೇ ಬಂತು. ಅಮ್ಮನ ಮುಖ ನೋಡಲಾಗಲಿಲ್ಲ.

"ಒಳ್ಳೇ ತಗಡು, ಯಾರಾದ್ರೂ ಬಿಸಾಕ್ತಾರೇನೋ?" ಎಂದಳು ಅವಳು. "ಆಗ್ಲೇ ಆಯ್ದಿಟ್ಟೆ. ಪಾತ್ರೆ ಬುಟ್ಟೀಲಿದೆ, ತೆಗಿ."

ಹಾಲು ತುಳುಕದಂತೆ ಅವಳು ಕೂತೇ ಇದ್ದಳು. ನಾನು ಬುಟ್ಟಿಗೆ ಕೈ ಹಾಕಿದೆ. ಎದುರು ಮನೆಯ ಹೆಂಗಸು ವಿಷಯ ತಿಳಿದು, "ಅಯ್ಯೋ, ಮುಹೂರ್ತ ಮೀರ್ಬಾರ್ದು! ಸ್ನಾನದ ಹಂಡೆ ಕಾದಿದೆ, ತಗೊಳ್ಳಿ," ಎಂದು ಬಕೆಟ್ ತುಂಬ ಬಿಸಿನೀರು ತಂದುಕೊಟ್ಟರು. ಬಟ್ಟೆ ಬೇಕಿತ್ತು. ನನ್ನ ಹೊಸ ಜರಿ ಶಲ್ಯವನ್ನೇ ಅದ್ದಿ ಕಾರ್ಬ್ಯುರೇಟರಿಗೆ ಸುತ್ತಿದೆ. ಹಿಮ ಕರಗಿ ಇಳಿಯಿತು. ಮುನಿಯಪ್ಪ ಕೊಳವೆ ಸಿಕ್ಕಿಸಿ ಹ್ಯಾಂಡಲ್ ತಿರುಗಿಸಿದರು. ಮೂರನೆಯ ಸುತ್ತಿಗೆ ಎಂಜಿನ್ ಹಿಡಿಯಿತು.

ಸಂಪಿಗೆ ರಸ್ತೆಗೆ ಬಂದಾಗ ಏಳೂ ಹತ್ತು. ಏಳೂ ಇಪ್ಪತ್ತೈದಕ್ಕೆ ಹಾಲು ಉಕ್ಕಿ ಹೊಸ ಒಲೆಯ ಮೇಲೆ ಹರಿಯಿತು. ಅಮ್ಮ ನಗುತ್ತಲೇ ಕಣ್ಣೊರೆಸಿಕೊಂಡಳು. ದೇವರಿಗೆ ತೋರಿಸಿದ ಮೇಲೆ ಮೊದಲ ಲೋಟ ನನಗಲ್ಲ, ಮುನಿಯಪ್ಪನವರಿಗೆ. "ಬಿಸಿಬಿಸಿಯಾಗೇ ಕುಡಿಯಪ್ಪ," ಎಂದಳು.

ಮಧ್ಯಾಹ್ನ ಹಳೆಯ ಮನೆಯ ಬೀಗದ ಕೈ ಕೊಟ್ಟುಬರಲು ಅದೇ ಲಾರಿ ಹತ್ತಿದೆ. ಬಿಸಿಲು ಚುರುಗುಟ್ಟುತ್ತಿತ್ತು. ಮುನಿಯಪ್ಪ ಬಾನೆಟ್ ಎತ್ತಿ, ಕೊಳವೆ ಬಿಚ್ಚಿ ನನ್ನ ಮಡಿಲಿಗಿಟ್ಟರು.

"ಈಗ ನಿಮ್ಮ ಪಾಠಾನೇ ಸರಿ ಮೇಷ್ಟ್ರೇ, ತಣ್ಣನೆ ಗಾಳೀನೇ ಬೇಕು. ಇದನ್ನ ಮಾತ್ರ ಎಸೀಬೇಡಿ. ಬೆಳಿಗ್ಗೆ ಮತ್ತೆ ಬೇಕಾಗ್ತದೆ."

ಅಮ್ಮ ಹಾಲಿನ ತಂಬಿಗೆ ಹಿಡಿದಿದ್ದ ಹಾಗೆ, ಆ ತಗಡನ್ನು ಎರಡೂ ಕೈಯಿಂದ ಹಿಡಿದು ಬಸವನಗುಡಿಯವರೆಗೂ ಕೂತಿದ್ದೆ.