ಸಾಂತಪ್ಪ ಹಾಕಿಸಿದ ಪೆಟ್ರೋಲ್

೧೯೫೩ನೇ ಇಸವಿ ಫೆಬ್ರವರಿ ೧೧, ಬುಧವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಡ್ರೈವರ್ ಸಾಂತಪ್ಪ ಸುಂಟಿಕೊಪ್ಪದ ಬಳಿಯ ಕಾಫಿ ತೋಟವೊಂದರ ಕಣದಲ್ಲಿ, ಸ್ಕ್ರೂಡ್ರೈವರಿನ ತುದಿಯನ್ನು ಕಾರಿನ ಇಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿಕೊಂಡು ನಿಂತಿದ್ದ. ನಿಂತ ಕಾರಿನಲ್ಲಿ ಎಲ್ಲವೂ ಸರಿಯಿತ್ತು. ಏರು ಹತ್ತುವಾಗ ಮಾತ್ರ ಒಳಗೆ ಯಾರೋ ಲೋಟಕ್ಕೆ ಚಮಚ ಬಡಿದಂತೆ ಟಣಟಣ ಸದ್ದು.

ಕಾರಣ ಅವನಿಗೆ ಗೊತ್ತಿತ್ತು. ನೆರೆತೋಟದವರ ಕಾರು ಏರಿನಲ್ಲಿ ತಮ್ಮದನ್ನು ಹಿಂದೆ ಹಾಕಿತೆಂದು ಯಜಮಾನ ಮೊಣ್ಣಪ್ಪನವರು ಮೈಸೂರಿನಲ್ಲಿ ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಉಜ್ಜಿಸಿ ತೆಳ್ಳಗೆ ಮಾಡಿಸಿದ್ದರು. ಪೆಟ್ರೋಲ್ ಬೆರೆತ ಗಾಳಿಯ ಆರು ಪಾಲನ್ನು ಒಂದಕ್ಕೆ ಒತ್ತುತ್ತಿದ್ದ ಇಂಜಿನ್ ಈಗ ಏಳು ಪಾಲನ್ನು ಒತ್ತುತ್ತಿತ್ತು. ಆ ಒತ್ತಡಕ್ಕೆ ಪೆಟ್ರೋಲ್ ಕಿಡಿಗೆ ಕಾಯದೆ ತಾನಾಗಿಯೇ ಸಿಡಿಯುತ್ತಿತ್ತು.

“ಪೆಟ್ರೋಲಿಗೆ ತಾಕತ್ತಿಲ್ಲ ಮಾರಾಯ,” ಎಂದರು ಮೊಣ್ಣಪ್ಪ. “ವಿಮಾನಕ್ಕೆ ಹಾಕುವಂಥದ್ದು ತರಿಸುವನಾ?”

“ತಾಕತ್ತಲ್ಲ ಸಾವ್ಕಾರ್ರೆ, ತಾಳ್ಮೆ. ಆಕ್ಟೇನ್ ಅಂದ್ರೆ ಅದೇ. ಎಷ್ಟು ಒತ್ತಿದರೂ ಸಿಟ್ಟಾಗದ ಪೆಟ್ರೋಲ್ ಬೇಕು.”

“ನಂಗೆ ಪಾಠ ಬೇಡ. ಶನಿವಾರ ಮಡಿಕೇರಿಲಿ ಸಭೆ ಉಂಟು. ಏರಿನಲ್ಲಿ ಟಣ್ ಅಂದ್ರೆ ಕೀಲಿಕೈ ಬೊಳ್ಳಪ್ಪನಿಗೆ.”

ಬೊಳ್ಳಪ್ಪ ತೋಟದ ಲೆಕ್ಕ ಬರೆಯುವ ರೈಟರನ ಭಾವಮೈದ. ಹಾರ್ನ್ ಚೆನ್ನಾಗಿ ಬಾರಿಸುತ್ತಿದ್ದ. ಸಾಂತಪ್ಪನಿಗೆ ಕೆಲಸ ಹೋದರೆ ತೋಟದವರು ಕೊಟ್ಟ ಮನೆಯೂ ಹೋಗುತ್ತಿತ್ತು. ಹೆಂಡತಿ ನೀಲಾವತಿ ಆಗಲೇ ಪಾತ್ರೆ ಎಣಿಸತೊಡಗಿದ್ದಳು.

ಗುರುವಾರ ಅವನು ಕಿಡಿ ಹಾರುವ ಹೊತ್ತನ್ನು ತುಸು ತಡಮಾಡಿ ನೋಡಿದ. ಮೊದಲ ಏರಿನಲ್ಲೇ ಸದ್ದೂ ನಿಂತಿತು, ಕಾರೂ ನಿಂತಿತು.

ಉಳಿದದ್ದು ಒಂದೇ ದಾರಿ. ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ಸೀಮೆ. ಅಲ್ಲಿನ ಪೆಟ್ರೋಲಿಗೆ ಸಕ್ಕರೆ ಕಾರ್ಖಾನೆಯ ಸ್ಪಿರಿಟ್, ಅಂದರೆ ಮದ್ಯಸಾರ, ಬೆರೆಸುತ್ತಿದ್ದರು. ಕೊಡಗಿನ ತೋಟದವರಿಗೆ ಅದು ಕಲಬೆರಕೆ. ಯುದ್ಧದಲ್ಲಿ ಸೈನ್ಯದ ಲಾರಿ ಓಡಿಸಿದ್ದ ಸಾಂತಪ್ಪನಿಗೆ ಮಾತ್ರ, ಸ್ಪಿರಿಟ್ ಸೇರಿದ ಪೆಟ್ರೋಲ್ ಒತ್ತಡಕ್ಕೆ ಬೇಗ ಸಿಡಿಯುವುದಿಲ್ಲವೆಂದು ಗೊತ್ತಿತ್ತು. ಅಡ್ಡಿಯೊಂದೇ: ಶನಿವಾರದ ಸಭೆ ಪಾನನಿರೋಧ ಸಮಿತಿಯದು, ಅಧ್ಯಕ್ಷರು ಮೊಣ್ಣಪ್ಪನವರು. ಕೊಡಗಿನಲ್ಲಿ ಆ ಹುದ್ದೆಗೆ ಪೈಪೋಟಿ ಇರಲಿಲ್ಲ.

ಶುಕ್ರವಾರ ಸೇತುವೆಯಾಚೆ ಪಂಪಿನ ಪುಟ್ಟಸ್ವಾಮಿ ನಕ್ಕ. “ಏನ್ ಸಾಂತಪ್ಪಣ್ಣ, ನಿಮ್ ಸಾವ್ಕಾರ್ರು ನಮ್ ಪೆಟ್ರೋಲ್ ಮುಟ್ಟಾಕಿಲ್ಲ ಅಂತಿದ್ರು?”

“ಅವ್ರು ಮುಟ್ಟುದಿಲ್ಲ. ಕಾರು ಮುಟ್ತದೆ. ತುಂಬ್ಸು.”

ಪೆಟ್ರೋಲ್ ತುಸು ಹೆಚ್ಚು ಹರಿಯಲೆಂದು ಕಾರ್ಬುರೇಟರಿನ ಜೆಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಏರೊಂದರಲ್ಲಿ ಮೂರು ಸಲ ಹತ್ತಿಸಿ ನೋಡಿದ. ಸದ್ದಿಲ್ಲ.

ಶನಿವಾರ ಮೊಣ್ಣಪ್ಪನವರು ನಿಶ್ಶಬ್ದವನ್ನು ಕೇಳಲೆಂದೇ ಕಿಟಕಿಯ ಗಾಜು ಇಳಿಸಿಕೊಂಡು ಕುಳಿತರು. ಮಡಿಕೇರಿಯ ಸಭಾಭವನದ ಜಗಲಿಯಲ್ಲಿ ಸದಸ್ಯರನ್ನು ಸುತ್ತ ನಿಲ್ಲಿಸಿಕೊಂಡು ಹೇಳಿದರು: “ಮನುಷ್ಯನೂ ಅಷ್ಟೇ, ಕಾರೂ ಅಷ್ಟೇ. ಒಳಗೆ ಶುದ್ಧ ಇದ್ರೆ ಏರು ಲೆಕ್ಕವೇ ಅಲ್ಲ. ಸಾಂತಪ್ಪ, ಯಾವ ಪೆಟ್ರೋಲ್ ಹೇಳು ಇವರಿಗೆ.”

“ಸೇತುವೆ ಆಚೆದು ಸಾವ್ಕಾರ್ರೆ.”

ಸಮಿತಿಯ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು ಶಿವಶಂಕರಪ್ಪ ಕನ್ನಡಕ ಸರಿಪಡಿಸಿಕೊಂಡರು. “ಅದಕ್ಕೆ ಸ್ಪಿರಿಟ್ ಸೇರಿಸ್ತಾರಲ್ವೇನಪ್ಪ?”

“ಎಲ್ಲೋ ಒಂದು ತೊಟ್ಟು ಇರ್ಬಹುದು,” ಎಂದು ಮೊಣ್ಣಪ್ಪ ಕೆಮ್ಮಿದರು. “ಅಲ್ವನಾ ಸಾಂತಪ್ಪ?”

ಹೌದೆಂದರೆ ಮನೆ ಉಳಿಯುತ್ತಿತ್ತು. ಆದರೆ ಸಾಂತಪ್ಪ ಅಳತೆಯ ವಿಷಯದಲ್ಲಿ ಎಂದೂ ಸುಳ್ಳು ಹೇಳಿದವನಲ್ಲ. ಇದ್ದಷ್ಟನ್ನೂ ಹೇಳಿಬಿಟ್ಟ. ಮೇಷ್ಟ್ರು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲು ಹೊರಟಾಗ ಮೊಣ್ಣಪ್ಪನವರೇ ಅವರ ಕೈ ಹಿಡಿದರು. ಡ್ರೈವರನನ್ನು ಬಿಡಿಸಿದರೆ ಕಾರಣ ಹೇಳಬೇಕಾಗುತ್ತದೆಂದು ಅವರಿಗೆ ವಾಪಸು ದಾರಿಯಲ್ಲಿ ಹೊಳೆಯಿತು. ಸಾಂತಪ್ಪ ಆ ಕಾರನ್ನು ಇನ್ನೂ ಹನ್ನೊಂದು ವರ್ಷ ಓಡಿಸಿದ, ಸೇತುವೆಯಾಚೆಯ ಪೆಟ್ರೋಲಿನಲ್ಲೇ. ಅಂದು ಜಗಲಿಯಲ್ಲಿ, ಎಲ್ಲರಿಗೂ ಕೇಳುವಂತೆ ಅವನು ಹೇಳಿದ್ದು ಇಷ್ಟೇ: “ತೊಟ್ಟಲ್ಲ ಸಾವ್ಕಾರ್ರೆ, ನೂರಕ್ಕೆ ಇಪ್ಪತ್ತು.”