ಟಿವಿಯೊಳಗಿನ ನನ್ನ ಕೈ

ಹಳಿಯಾಳದ ಒಂದು ಶಾಲೆಯಲ್ಲಿ ನಾನು ಚಿತ್ರಕಲಾ ಶಿಕ್ಷಕಿ. ಒಂದನೆಯ ತರಗತಿಯಿಂದ ಹತ್ತರವರೆಗೆ ಎಲ್ಲರಿಗೂ ನಾನೊಬ್ಬಳೇ. ಗಂಡನ ಕೆಲಸ ದಾಂಡೇಲಿಯಲ್ಲಿ, ಹಾಗಾಗಿ ಮನೆಯೂ ಅಲ್ಲೇ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಮರಳುತ್ತೇನೆ. ನಮ್ಮ ಸಂಸ್ಥೆಗೆ ಇನ್ನೆರಡು ಶಾಲೆಗಳಿವೆ, ಒಂದು ಮುಂಡಗೋಡದಲ್ಲಿ, ಇನ್ನೊಂದು ಜೊಯಿಡಾದಲ್ಲಿ. ಮೂರರ ಉಸ್ತುವಾರಿಯೂ ನಮ್ಮ ಹೆಡ್‌ಮಾಸ್ತರದ್ದೇ.

ತರಗತಿಗೆ ದೊಡ್ಡ ಟಿವಿ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಅದಕ್ಕೆ ಮೊದಲು ಬಣ್ಣ ಕಲಸುವುದನ್ನು ತೋರಿಸಬೇಕೆಂದರೆ ಐವತ್ತು ಮಕ್ಕಳು ನನ್ನ ಮೇಜಿಗೆ ಮುಗಿಬೀಳುತ್ತಿದ್ದರು; ಮುಂದಿನ ನಾಲ್ವರಿಗೆ ಮಾತ್ರ ಏನಾದರೂ ಕಾಣುತ್ತಿತ್ತು. ನಾನು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕ್ಯಾಮೆರಾ ಕೆಳಮುಖ ಮಾಡಿ ಟಿವಿಗೆ ಜೋಡಿಸಿದೆ. ಹಳದಿಗೆ ನೀಲಿ ಸೇರಿ ಹಸಿರಾದದ್ದನ್ನು ಕೊನೆಯ ಬೆಂಚಿನವರೂ ನೋಡಿ ಹೋ ಎಂದು ಕೂಗಿದರು. ಒಂದನೆಯವರಿಗೆ ಅಷ್ಟೇ ಸಾಕಿತ್ತು. ಐದನೆಯವರು ಸಾಗವಾನಿ ಎಲೆಯ ಫೋಟೋ ತೆಗೆದು, ದೊಡ್ಡದು ಮಾಡಿ, ಅದರ ನರಗಳನ್ನು ನೋಡಿ ನೋಡಿ ಬರೆದರು. ಎಂಟನೆಯವರಿಗೆ ನಮ್ಮದೇ ವರಾಂಡದ ಫೋಟೋ ಟ್ಯಾಬಿನಲ್ಲಿ ಹಾಕಿ ಕೊಟ್ಟೆ. ಕಂಬಗಳ ಸಾಲು ದೂರ ಹೋದಂತೆ ಒಂದೇ ಬಿಂದುವಿಗೆ ಓಡುತ್ತದೆ ಎಂಬುದನ್ನು ಅವರು ಬೆರಳಿನಿಂದ ಗೆರೆ ಎಳೆದು ತಾವೇ ಕಂಡುಕೊಂಡರು. ಬೋರ್ಡಿನ ಮೇಲೆ ವರ್ಷಗಟ್ಟಲೆ ಹೇಳಿದರೂ ತಲೆಗೆ ಹೋಗದ ಪಾಠ ಅದು.

ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅವರ ಮೇಲೆ ನನಗೆ ತುಂಬ ಗೌರವ. ಪರೀಕ್ಷೆ ಬಂತೆಂದು ಗಣಿತದವರು ನನ್ನ ಪಿರಿಯಡ್ ಕೇಳಿದಾಗಲೆಲ್ಲ “ಡ್ರಾಯಿಂಗ್ ಕ್ಲಾಸ್ ಮುಟ್ಟಬ್ಯಾಡ್ರಿ” ಎಂದು ಅಡ್ಡ ನಿಂತವರು ಅವರೇ.

“ಟೀಚರ್, ಇದನ್ನ ರೆಕಾರ್ಡ್ ಮಾಡಿ ಇಡೂಣೇನ್ರಿ?” ಎಂದರು ಒಂದು ದಿನ. “ನೀವು ರಜಾ ಹಾಕಿದ್ರ ಹುಡುಗ್ರು ಸುಮ್ನ ಕುಂದರ್ತಾವ. ಟಿವಿ ಹಚ್ಚಿದ್ರ ಪಾಠ ನಡೀತೈತಿ.”

ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬೇಸಿಗೆ ರಜೆಯೆಲ್ಲ ಅದಕ್ಕೇ ಹೋಯಿತು. ಒಂದನೆಯ ತರಗತಿಯಿಂದ ಹತ್ತರವರೆಗಿನ ಇಡೀ ವರ್ಷದ ಪಾಠಗಳನ್ನು ಚಿತ್ರೀಕರಿಸಿದೆವು. ಸದ್ದು ಬರಬಾರದೆಂದು ಫ್ಯಾನ್ ಆರಿಸಿ, ಬೆವರು ಸುರಿಸುತ್ತ ಸ್ವತಃ ಹೆಡ್‌ಮಾಸ್ತರೇ ದೀಪ ಹಿಡಿದು ನಿಲ್ಲುತ್ತಿದ್ದರು. ಪ್ರತಿ ಪಾಠದ ಮೊದಲಿಗೆ “ಎಲ್ಲ ಶಾಲೆಯ ಮಕ್ಕಳಿಗೂ ನಮಸ್ಕಾರ” ಎನ್ನಲು ಹೇಳಿದರು. “ಹಂಗಂದ್ರ ಚಂದ ಅನಸ್ತೈತ್ರಿ” ಎಂದರು. ನಾನು ನಗುತ್ತ ಹಾಗೇ ಹೇಳಿದೆ.

ಮೇ ತಿಂಗಳ ಕೊನೆಗೆ ಶಾಲೆ ಶುರುವಾಯಿತು. ಎರಡನೆಯ ತರಗತಿಗೆ ಬೆರಳಚ್ಚಿನ ಚಿತ್ರ ಮಾಡಿಸುತ್ತಿದ್ದಾಗ ಜವಾನ ಒಂದು ಕಾಗದ ತಂದ. “ವಿಡಿಯೋದ್ದು, ಸರ್ ಸಹಿ ಕೇಳ್ಯಾರ್ರಿ.” ಕೈ ತೊಳೆಯುವಷ್ಟೂ ಪುರಸೊತ್ತಿರಲಿಲ್ಲ. ಓದದೆ ಸಹಿ ಮಾಡಿದೆ. ಅಂಚಿಗೆ ನನ್ನ ಹೆಬ್ಬೆರಳಿನ ಕೆಂಪು ಅಂಟಿತು.

ಆಗ ಮುಂಡಗೋಡ ಮತ್ತು ಜೊಯಿಡಾದ ಶಾಲೆಗಳಲ್ಲಿ ವಾರಕ್ಕೆ ಮೂರು ಮೂರು ದಿನ ಚಿತ್ರಕಲೆ ಕಲಿಸುತ್ತಿದ್ದವಳು ನನ್ನದೇ ವಿದ್ಯಾರ್ಥಿನಿ. ಮುಂಡಗೋಡದ ಹತ್ತಿರದ ಹಳ್ಳಿಯ ಒಕ್ಕಲುತನದ ಮನೆಯವಳು. ಹಳಿಯಾಳದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ನಮ್ಮ ಶಾಲೆಗೆ ಬರುತ್ತಿದ್ದಳು. ಧಾರವಾಡಕ್ಕೆ ಕಳಿಸಿ ಚಿತ್ರಕಲೆ ಓದಿಸಿ ಎಂದು ಅವಳ ಅಪ್ಪನನ್ನು ಒಪ್ಪಿಸಿದವಳು ನಾನು. ಹಂಗಾಮಿ ಕೆಲಸ ಸಿಕ್ಕಮೇಲೆ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಯಾವ ತರಗತಿಗೆ ಏನು ಕಲಿಸಿದೆ, ಯಾವ ಹುಡುಗ ನಗಿಸಿದ ಎಂದು ಹೇಳುತ್ತಿದ್ದಳು. ಜೂನ್‌ನಿಂದ ಆ ಫೋನ್ ನಿಂತಿತು. ನಾನೇ ಮಾಡಿದರೆ ಎತ್ತಲಿಲ್ಲ. ಮದುವೆ ಗೊತ್ತಾಗಿರಬೇಕು, ಗಡಿಬಿಡಿಯಲ್ಲಿದ್ದಾಳೆ ಎಂದುಕೊಂಡೆ.

ದಸರಾ ರಜೆ ಮುಗಿದ ವಾರ ಮುಂಡಗೋಡದಲ್ಲಿ ನಾದಿನಿಯ ಹೊಸ ಮನೆಯ ವಾಸ್ತುಶಾಂತಿ ಇತ್ತು. ಊಟ ಮುಗಿಸಿ, ಆ ನನ್ನ ವಿದ್ಯಾರ್ಥಿನಿಯನ್ನು ನೋಡಿ ಬರೋಣವೆಂದು ಅಲ್ಲಿಯ ಶಾಲೆಗೆ ನಡೆದೆ. ವರಾಂಡದಲ್ಲೇ ನನ್ನ ದನಿ ಕೇಳಿತು. “ಈಗ ಎಮ್ಮೆಯ ಬೆನ್ನಿನ ಗೆರೆ ಎಳೆಯಿರಿ.” ಮೂರನೆಯ ತರಗತಿಯೊಳಗೆ ಟಿವಿಯಲ್ಲಿ ನನ್ನ ಕೈ ಎಮ್ಮೆ ಬರೆಯುತ್ತಿತ್ತು. ಹಿಂದೆ ವಯಸ್ಸಾದ ಹಿಂದಿ ಟೀಚರೊಬ್ಬರು ಕುಳಿತು ನೋಟ್‌ಬುಕ್ ತಿದ್ದುತ್ತಿದ್ದರು.

ಬಾಗಿಲ ಬಳಿಯ ಒಂದು ಹುಡುಗಿ ನನ್ನ ಮಣಿಕಟ್ಟಿನ ಸುಟ್ಟ ಕಲೆ ನೋಡಿದಳು, ಟಿವಿ ನೋಡಿದಳು.

“ಆ ಟಿವಿಯೊಳಗಿನ ಕೈ ನಿಮ್ದೇನ್ರಿ ಅಕ್ಕೋರ?”

“ಹೌದವ್ವ.”

“ಮತ್ತ ನಾ ಕೇಳಿದ್ರ ಯಾಕ ನಿಂದ್ರೂದಿಲ್ರಿ? ಹಿಂದಿನ ಕಾಲು ನನಗ ಬರವಲ್ದು.”

ನಾನು ಅವಳ ಪಕ್ಕ ಕುಳಿತು ಹಾಳೆಯ ಮೂಲೆಯಲ್ಲಿ ಹಿಂದಿನ ಕಾಲು ಬರೆದು ತೋರಿಸಿದೆ. ಅಷ್ಟರಲ್ಲಿ ಟಿವಿಯಲ್ಲಿ ಬಾಲವೂ ಮುಗಿದಿತ್ತು. “ಡ್ರಾಯಿಂಗ್ ಟೀಚರ್ ಎಲ್ಲಿ?” ಎಂದು ಹಿಂದಿ ಟೀಚರನ್ನು ಕೇಳಿದೆ.

ಅವರು ಕನ್ನಡಕ ತೆಗೆದರು. “ಆ ಹುಡುಗಿನ್ನ ಜೂನ್‌ದಾಗ ಬಿಡಿಸಿದ್ರಲ್ರಿ. ನಿಮಗ ಗೊತ್ತಿಲ್ಲೇನು? ಬಸ್‌ಸ್ಟ್ಯಾಂಡ್ ಹತ್ರ ಬ್ಯಾನರ್ ಅಂಗಡ್ಯಾಗ ಅದಾಳ.”

ಆ ಅಂಗಡಿಯಲ್ಲಿ ಅವಳು ಕಂಪ್ಯೂಟರಿನ ಮುಂದೆ ಕುಳಿತು, ಯಾರದೋ ಹುಟ್ಟುಹಬ್ಬದ ಬ್ಯಾನರಿಗೆ ಮುಖ ಕತ್ತರಿಸಿ ಅಂಟಿಸುತ್ತಿದ್ದಳು. “ಬರ್ರಿ ಅಕ್ಕೋರ” ಎಂದು ಕುರ್ಚಿ ತೋರಿಸಿದಳು. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ಹುಡುಗಿ ಅವತ್ತು ಏಳಲಿಲ್ಲ.

“ನನಗ ಒಂದು ಮಾತು ಯಾಕ ಹೇಳ್ಲಿಲ್ಲವ್ವ?”

“ಏನಂತ ಹೇಳ್ಲಿರಿ? ನಿಮ್ಮ ಟೀಚರ್ ಒಪ್ಪ್ಯಾರ, ಮೂರೂ ಸಾಲಿ ಹುಡುಗ್ರಿಗೆ ತಾವ ಪಾಠ ಮಾಡಿ ಕೊಟ್ಟಾರ, ಇನ್ನ ನೀ ಬ್ಯಾಡ ಅಂದ್ರು ನಿಮ್ಮ ಹೆಡ್‌ಮಾಸ್ತರು. ನೀವು ಸಹಿ ಮಾಡಿದ ಕಾಗದ ತೋರ್ಸಿದ್ರು.”

“ನನಗ ಗೊತ್ತಿರಲಿಲ್ಲ. ದೇವರಾಣಿ.”

“ವಿಡಿಯೋದಾಗ ನೀವು ನಕ್ಕೋತ ಎಲ್ಲ ಶಾಲೆಯ ಮಕ್ಕಳಿಗೂ ಅಂತೀರಲ್ರಿ, ಅಕ್ಕೋರ.” ಅವಳ ಕಣ್ಣು ಪರದೆಯ ಮೇಲೇ ಇತ್ತು. ಗಿರಾಕಿ ಬಂದರು, ನಾನು ಎದ್ದು ಬಂದೆ.

ಮರುದಿನ ಪ್ರಾರ್ಥನೆ ಮುಗಿಯುತ್ತಲೇ ಹೆಡ್‌ಮಾಸ್ತರ ಕೋಣೆಗೆ ಹೋದೆ. “ಸರ್, ಅಕಿನ್ನ ಬಿಡಿಸೂದು ಐತಿ ಅಂತ ನನಗ ಮೊದಲ ಯಾಕ ಹೇಳಲಿಲ್ರಿ?”

ಅವರು ಸುಳ್ಳು ಹೇಳಲಿಲ್ಲ. “ಹೇಳಿದ್ರ ನೀವು ರೆಕಾರ್ಡ್ ಮಾಡ್ತಿದ್ರೇನು?” ಎಂದರು, ತೀರಾ ಸಹಜವಾಗಿ.

ಆಮೇಲೆ ಕಪಾಟಿನಿಂದ ಆ ಕಾಗದ ತೆಗೆದು ಮುಂದಿಟ್ಟರು. ಸಂಸ್ಥೆಯ ಎಲ್ಲ ಶಾಲೆಗಳಲ್ಲಿ ಶಿಕ್ಷಕರ ಬದಲಿಗೆ ಈ ಪಾಠಗಳನ್ನು ಬಳಸಲು ನನ್ನ ಒಪ್ಪಿಗೆ ಇದೆ ಎಂದು ಬರೆದಿತ್ತು. ಕೆಳಗೆ ನನ್ನ ಸಹಿ, ಅಂಚಿನಲ್ಲಿ ಕೆಂಪು ಬೆರಳು.

“ಮ್ಯಾಲಿನವರು ಹೇಳಿದ್ರು, ನಾ ಮಾಡಿದೆ. ನಿಮ್ಮ ಕೆಲಸಕ್ಕ ಏನೂ ಆಗಿಲ್ಲಲ್ರಿ? ಅದನ್ನ ನೋಡ್ರಿ.”

ಹಾಗಾದರೆ ಫ್ಯಾನ್ ಆರಿಸಿ ದೀಪ ಹಿಡಿದು ನಿಂತಿದ್ದ ಆ ಎಲ್ಲ ಮಧ್ಯಾಹ್ನಗಳಲ್ಲೂ ಇವರಿಗೆ ಇದು ಗೊತ್ತಿತ್ತು. ನನಗೆ ನೀರು ತಂದು ಕೊಡುವಾಗ, ಚೆನ್ನಾಗಿ ಬಂತು ಎಂದು ಹೊಗಳುವಾಗ, ಆಗಲೂ ಗೊತ್ತಿತ್ತು. ಕಾಗದಕ್ಕಿಂತ ಹೆಚ್ಚು ಇದೇ ನನ್ನನ್ನು ಇರಿಯಿತು. ನನ್ನ ಮೇಲೆಯೂ ಸಿಟ್ಟು ಬಂತು: ಮಕ್ಕಳಿಗೆ ಕಣ್ಣಿಟ್ಟು ನೋಡಿ ಎಂದು ಕಲಿಸುವವಳು ನಾನು, ಒಂದು ಹಾಳೆ ಓದಲಿಲ್ಲ.

ಒಪ್ಪಿಗೆ ಹಿಂತೆಗೆದುಕೊಂಡು ಆಡಳಿತ ಮಂಡಳಿಗೆ ಪತ್ರ ಬರೆದೆ. ಮುಂದಿನ ಸಭೆಯಲ್ಲಿ ಚರ್ಚಿಸುತ್ತೇವೆ ಎಂದರು. ಎರಡು ಸಭೆ ಕಳೆದವು, ಪಾಠಗಳು ಓಡುತ್ತಲೇ ಇವೆ. ಪತ್ರದ ಪ್ರತಿಯನ್ನು ಮುಂಡಗೋಡಕ್ಕೆ ಒಯ್ದು ಅವಳ ಕೈಗೇ ಕೊಟ್ಟೆ. ಪೂರ್ತಿ ಓದಿದಳು. “ಇರ್ಲಿ ಬಿಡ್ರಿ ಅಕ್ಕೋರ” ಎಂದು ಮಡಚಿ ಕೀಬೋರ್ಡಿನ ಕೆಳಗಿಟ್ಟಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಹೆಡ್‌ಮಾಸ್ತರು ಈಗಲೂ ನಮಸ್ಕಾರ ಎನ್ನುತ್ತಾರೆ, ನಾನೂ ಎನ್ನುತ್ತೇನೆ. ಟಿವಿಯನ್ನು ನಾನು ಬಿಟ್ಟಿಲ್ಲ, ಮಕ್ಕಳದೇನು ತಪ್ಪು? ಆದರೆ ರೆಕಾರ್ಡ್ ಮಾಡುವುದಿಲ್ಲ.

ಬ್ಯಾನರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳು ಭಾನುವಾರ ಮಕ್ಕಳಿಗೆ ಚಿತ್ರ ಕಲಿಸುತ್ತಾಳೆ ಎಂದು ನಾದಿನಿ ಹೇಳಿದಳು. ಕಳೆದ ತಿಂಗಳು ಫೋನ್ ಮಾಡಿದೆ. ಈ ಸಲ ಎತ್ತಿದಳು. ಹಿಂದೆ ಮಕ್ಕಳ ಗದ್ದಲ.

“ಕ್ಲಾಸ್ ನಡದೈತ್ರಿ ಅಕ್ಕೋರ, ಆಮ್ಯಾಲ ಮಾತಾಡ್ತೇನಿ.”

ಅವಳ ಫೋನ್ ಇನ್ನೂ ಬಂದಿಲ್ಲ.