ಮಲಗಿದವರ ಆಕಾಶ

ಊರಿನಲ್ಲಿ ‘ಇಲ್ಲಿ ಉಗುಳಬೇಡಿ’ ಎಂದು ಬರೆದಿರುವ ಅಷ್ಟೂ ಗೋಡೆಗಳು ಬೋರ್ಡಕ್ಕನವು. ಜನ ಅಲ್ಲೇ ಉಗುಳುತ್ತಾರೆ, ಅದು ಬೇರೆ ಮಾತು. ಅಕ್ಷರ ಮಾತ್ರ ಮುತ್ತು ಪೋಣಿಸಿದಂತಿರುತ್ತದೆ. ಏಳನೇ ತರಗತಿಗೇ ಶಾಲೆ ಬಿಟ್ಟು ಅಪ್ಪನ ಕುಂಚ ಹಿಡಿದವಳು ಮೂವತ್ತನಾಲ್ಕು ವರ್ಷಗಳಲ್ಲಿ ದಂತವೈದ್ಯರ ಹಲ್ಲು, ಕನ್ನಡಕದಂಗಡಿಯ ಕಣ್ಣು, ವಕೀಲರ ತಕ್ಕಡಿ, ಯಾವುದನ್ನೂ ಬಿಟ್ಟಿಲ್ಲ. ಒಮ್ಮೆ ಬೇಕರಿಯವನೊಬ್ಬ ‘ಶುದ್ಧ ಬೆಣ್ಣೆ’ ಎಂದು ಬರೆಸಲು ಬಂದ. ಇವಳು ಅವನ ಡಬ್ಬ ತೆಗೆಸಿ ಮೂಸಿ ನೋಡಿ, “ಶುದ್ಧ ಬಿಟ್ಟು ಬರೀತೀನಿ. ಬೆಣ್ಣೆನೂ ಬಿಟ್ಟರೆ ಇನ್ನೂ ಒಳ್ಳೇದು,” ಎಂದಳು. ತನ್ನ ಗೋಡೆ ಸುಳ್ಳು ಹೇಳುವುದಿಲ್ಲ ಎಂಬುದು ಅವಳ ಜಂಬ. ಇರಲಿ ಬಿಡಿ, ಊರಿಗೊಬ್ಬರಿಗಾದರೂ ಆ ಜಂಬ ಬೇಕು.

ಇಂಥವಳಿಗೆ ಆಸ್ಪತ್ರೆಯ ಮಕ್ಕಳ ಮೂಳೆ ವಾರ್ಡಿನ ಚಾವಣಿ ಸಿಕ್ಕಿತು. ಶುಕ್ರವಾರ ದೊಡ್ಡ ಮನುಷ್ಯರೊಬ್ಬರು ಬಂದು ವಾರ್ಡನ್ನು ಉದ್ಘಾಟಿಸುವವರಿದ್ದರು. ಮಕ್ಕಳು ಅಲ್ಲಿ ಮಲಗಿ ಆಗಲೇ ಎರಡು ತಿಂಗಳಾಗಿತ್ತು. ಮುರಿದ ಮೂಳೆ ರಿಬ್ಬನ್ನಿಗೆ ಕಾಯುವುದಿಲ್ಲವಲ್ಲ.

ಆಸ್ಪತ್ರೆಯ ಮೇಲ್ವಿಚಾರಕರು ತಮ್ಮ ಮೇಜಿನ ಮೇಲಿದ್ದ ಒಂದು ಗೋಳವನ್ನು ಅವಳ ಕೈಗಿಟ್ಟರು. ಭೂಮಿಯದಲ್ಲ, ಆಕಾಶದ್ದು. ನೀಲಿ ಚೆಂಡಿನ ಮೇಲೆ ನಕ್ಷತ್ರಗಳು, ಅವುಗಳ ಸುತ್ತ ಗೆರೆಯಲ್ಲಿ ಸಿಂಹ, ಹಂಸ, ಬೇಟೆಗಾರ.

“ಇದನ್ನೇ ನೋಡಿ ಬಿಡಿಸಿಬಿಡಿ. ಚೆನ್ನಾಗಿ ಬಂದರೆ ಆಸ್ಪತ್ರೆಯ ಬೋರ್ಡೆಲ್ಲಾ ನಿಮಗೇ.”

ಮೂರು ಮಹಡಿ, ಎಪ್ಪತ್ತು ಬಾಗಿಲು. ವರ್ಷವಿಡೀ ಬೇರೆ ಕೆಲಸ ಹುಡುಕಬೇಕಾಗಿರಲಿಲ್ಲ.

ಗೋಳದ ಮೇಲೆ ಕಾಗದ ಹಾಕಿ ಚುಕ್ಕಿ ಗುರುತಿಸಿಕೊಂಡಳು. ಅದನ್ನು ದೊಡ್ಡ ಹಾಳೆಗೆ ಹಿಗ್ಗಿಸಿ, ಚುಕ್ಕಿಗಳನ್ನು ಸೂಜಿಯಿಂದ ಚುಚ್ಚಿ, ಚಾವಣಿಗೆ ಹಿಡಿದು ಬಣ್ಣದ ಪುಡಿ ತಟ್ಟಿದಳು. ಏಣಿ ಹಿಡಿದವನು ಮೈದುನ. ಅವನ ಕೈಗಿಂತ ಬಾಯಿಗೇ ಹೆಚ್ಚು ಕೆಲಸ. ಬೋರ್ಡಕ್ಕ ಗ್ರಂಥಾಲಯದಿಂದ ನಕ್ಷತ್ರಗಳ ಪುಸ್ತಕವೊಂದನ್ನು ತಂದಿದ್ದಳು. ಚಹಾ ಹೊತ್ತಿನಲ್ಲಿ ಅಟ್ಟಣಿಗೆಯ ಮೇಲೆ ಕಾಲು ಇಳಿಬಿಟ್ಟು ಗಟ್ಟಿಯಾಗಿ ಓದುವಳು. ಕೆಳಗೆ ಒಂಬತ್ತು ಮಂಚಗಳು ಬಾಯಿ ತೆರೆದು ಕೇಳುವವು.

“ಕೇಳ್ರೋ. ನಾವು ಸಪ್ತರ್ಷಿಗಳು ಅಂತೀವಲ್ಲ, ಅದನ್ನ ಒಬ್ಬರು ಕರಡಿ ಅಂದ್ರು, ಒಬ್ಬರು ನೇಗಿಲು, ಇನ್ನೊಬ್ಬರು ಸೌಟು. ಮರಳುಗಾಡಿನವರು ಹೆಣದ ಚಟ್ಟ ಅಂದ್ರಂತೆ. ಬಾಲದ ಮೂರು ಚುಕ್ಕಿ ಇದ್ಯಲ್ಲ, ಅವು ಹಿಂದೆ ಅಳ್ತಾ ಹೋಗೋ ಹೆಣ್ಣುಮಕ್ಕಳು.”

“ಸೌಟು ಅಂದೋನು ಪಾಪ, ಹಸ್ಕೊಂಡಿದ್ದ ಅನ್ಸತ್ತೆ ಅತ್ತಿಗೆ,” ಎಂದ ಮೈದುನ.

ಆಕಾಶಕ್ಕೆ ಮೊದಲು ಹೆಸರಿಟ್ಟವರು ಯಾರು ಅಂದುಕೊಂಡಿರಿ? ಕುರಿ ಕಾಯುವವರು, ದೋಣಿ ನಡೆಸುವವರು, ಬಿತ್ತನೆಗೆ ಹೊತ್ತು ನೋಡುವವರು. ಮೇಲೆ ನೋಡದಿದ್ದರೆ ದಾರಿ ತಪ್ಪುವ ಜನ. ಆಮೇಲೆ ಬಂದ ರಾಜ ರಾಣಿಯರು ಕಿರೀಟದ ಸಮೇತ ಹತ್ತಿ ಕೂತರು. ಇನ್ನೂರೈವತ್ತು ವರ್ಷಕ್ಕೂ ಹಿಂದೆ ದಕ್ಷಿಣದ ಆಕಾಶ ಅಳೆಯಲು ಹೋದ ಪುಣ್ಯಾತ್ಮನೊಬ್ಬ ಮಾತ್ರ ಅಲ್ಲಿಗೆ ಕುಲುಮೆ, ಗಡಿಯಾರ, ಶಿಲ್ಪಿಯ ಕೋಣೆ, ಚಿತ್ರಕಾರನ ಸ್ಟ್ಯಾಂಡು ಇಂಥವನ್ನು ಸೇರಿಸಿದನಂತೆ. ಅದನ್ನು ಓದಿದ ದಿನ ಬೋರ್ಡಕ್ಕ ಅಟ್ಟಣಿಗೆಯಿಂದ ಬೀಳುವುದೊಂದು ಬಾಕಿ.

“ನಮ್ಮೋರು ಒಬ್ರು ಇದ್ದಾರೆ ಕಣೋ ಮೇಲೆ!”

“ಏಣಿ ಹಿಡಿಯೋನು ಇದ್ದಾನಾ?”

ಪುಟ ಮಗುಚಿ ನೋಡಿದಳು. “ಇಲ್ಲ.”

“ಗೊತ್ತಿತ್ತು ಬಿಡಿ.”

ಬುಧವಾರ ಮಧ್ಯಾಹ್ನಕ್ಕೆ ಎಲ್ಲ ಮುಗಿಯುತ್ತ ಬಂದಿತ್ತು. ಮೂರನೇ ಮಂಚದ ಹುಡುಗಿ, ಸೊಂಟದಿಂದ ಕೆಳಗೆ ಪ್ಲಾಸ್ಟರು ಹಾಕಿಸಿಕೊಂಡಿದ್ದ ಒಂಬತ್ತರ ಪೋರಿ, ಬಹಳ ಹೊತ್ತು ಚಾವಣಿ ನೋಡಿ ಕೂಗಿದಳು.

“ಬೋರ್ಡಕ್ಕಾ, ನಿಮ್ಮ ಚೇಳು ತಪ್ಪು.”

“ಯಾಕಮ್ಮಾ, ಕಚ್ಚಲಿಲ್ವಾ?”

“ಚೇಳಿನ ತಲೆ ಮೇಲಕ್ಕಿದ್ರೆ ಕೊಂಡಿ ಎಡಕ್ಕೆ ಸುತ್ತಬೇಕು. ನೀವು ಬಲಕ್ಕೆ ಸುತ್ತಿದ್ದೀರ. ನಮ್ಮಜ್ಜನ ದೋಣೀಲಿ ಮಲಕ್ಕೊಂಡು ದಿನಾ ನೋಡ್ತಿದ್ದೆ. ಎಡಗೈ ಯಾವುದು ಅಂತ ಅಜ್ಜ ಕಲಿಸಿದ್ದೇ ಆ ಕೊಂಡಿ ತೋರಿಸಿ.”

ಮೈದುನ ನಕ್ಕ. ಬೋರ್ಡಕ್ಕ ನಗಲಿಲ್ಲ. ಇಳಿದು ಬಂದು ಗೋಳ ನೋಡಿದಳು: ಕೊಂಡಿ ಬಲಕ್ಕೇ ಇತ್ತು. ಪುಸ್ತಕದ ನಕ್ಷೆ ನೋಡಿದಳು: ಎಡಕ್ಕೆ. ಖಾಲಿಯಿದ್ದ ಹತ್ತನೇ ಮಂಚದ ಮೇಲೆ ಚಪ್ಪಲಿ ಬಿಚ್ಚಿ ಅಂಗಾತ ಮಲಗಿದಳು. ಎರಡು ನಿಮಿಷ ಕಳೆದ ಮೇಲೆ ಹಣೆ ಚಚ್ಚಿಕೊಂಡಳು.

ಅಂಗಡಿಯ ಗಾಜಿಗೆ ಒಳಗಿನಿಂದ ಬರೆಯುವಾಗ ಅಕ್ಷರಗಳನ್ನು ಉಲ್ಟಾ ಬರೆಯಬೇಕು, ಆಗಲೇ ಬೀದಿಯಲ್ಲಿರುವವನಿಗೆ ಸರಿಯಾಗಿ ಕಾಣುತ್ತದೆ. ನಿದ್ದೆಗಣ್ಣಲ್ಲೂ ಮಾಡುವ ಕೆಲಸ ಅದು. ಗೋಳದ್ದೂ ಅದೇ ಕಥೆ. ಅದನ್ನು ಮಾಡಿದವನು ಆಕಾಶವನ್ನು ಹೊರಗಿನಿಂದ, ದೇವರು ನಿಂತು ನೋಡುವ ಕಡೆಯಿಂದ ಬಿಡಿಸಿದ್ದ. ನಾವಿರುವುದು ಒಳಗೆ. ಚೇಳೊಂದೇ ಅಲ್ಲ, ಅವಳ ಇಡೀ ಆಕಾಶ ಕನ್ನಡಿಯಲ್ಲಿ ಕಂಡಂತೆ ಮಗುಚಿತ್ತು.

ಮೇಲ್ವಿಚಾರಕರಿಗೆ ಹೇಳಿದರೆ ಅವರು ಕಡತದಿಂದ ತಲೆಯನ್ನೇ ಎತ್ತಲಿಲ್ಲ.

“ಇರಲಿ ಬಿಡಮ್ಮ. ಮೇಲೆ ಯಾರು ನೋಡ್ತಾರೆ?”

“ಅವರಿಗೆ ಬೇರೆ ಏನಿದೆ ಸಾರ್ ನೋಡೋಕೆ?”

“ಯಾರಿಗೆ?”

“ಮಲಗಿರೋ ಮಕ್ಕಳಿಗೆ.”

“ನೋಡಿ, ನಾಡಿದ್ದು ಕಾರ್ಯಕ್ರಮ. ಅದನ್ನ ಮುಟ್ಟಿದರೆ ಬೋರ್ಡಿನ ಕೆಲಸ ಮರೆತುಬಿಡಿ.”

ಮೆಟ್ಟಿಲು ಇಳಿಯುವಾಗ ಮೈದುನ ಪಿಸುಗುಟ್ಟಿದ: “ಅತ್ತಿಗೆ, ಎಪ್ಪತ್ತು ಬಾಗಿಲು. ಒಂದು ಚೇಳಿಗೋಸ್ಕರ...”

“ಆ ಹುಡುಗಿ ಎದ್ದು ಮನೆಗೆ ಹೋದ ಮೇಲೆ ಆಕಾಶ ನೋಡ್ತಾಳೆ. ನನ್ನ ಚಾವಣಿ ಬೇರೆ ಥರ ಇದ್ದರೆ ತಾನೇ ತಪ್ಪು ಕಲಿತಿದ್ದೀನಿ ಅಂದುಕೊಳ್ತಾಳೆ. ಮಿಕ್ಕ ಎಂಟು ಮಕ್ಕಳಿಗಂತೂ ತಪ್ಪಾಗಿದೆ ಅನ್ನೋದೂ ಗೊತ್ತಾಗಲ್ಲ. ನೀಲಿ ಕಲಸು.”

ಹೇಳುವುದು ಸುಲಭ. ಬಣ್ಣದ ರೋಲರ್ ಎತ್ತುವ ಮೊದಲು ಅವಳು ಅರ್ಧ ಗಂಟೆ ಕಾರಿಡಾರಿನಲ್ಲಿ ನಿಂತು ಒಂದೊಂದೇ ಬಾಗಿಲು ನೋಡಿದಳು. ಆಮೇಲೆ ಹತ್ತಿದಳು. ಗುರುವಾರ ಸಂಜೆಗೆ ಸಿಂಹ, ಹಂಸ, ಬೇಟೆಗಾರ ಎಲ್ಲರೂ ನೀಲಿಯಲ್ಲಿ ಮುಳುಗಿ ಹೋಗಿದ್ದರು.

ಶುಕ್ರವಾರ ದೊಡ್ಡ ಮನುಷ್ಯರು ಬಂದರು, ರಿಬ್ಬನ್ನು ಕತ್ತರಿಸಿದರು, ಕ್ಯಾಮೆರಾ ಕಡೆ ಮುಖ ಮಾಡಿ ನಿಂತರು. ಒಂದೂ ಚುಕ್ಕಿಯಿಲ್ಲದ ಬೋಳು ಚಾವಣಿಯ ಕೆಳಗೆ ನಿಂತು, “ನಕ್ಷತ್ರಗಳು ಅದ್ಭುತವಾಗಿ ಮೂಡಿಬಂದಿವೆ,” ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಮೂರನೇ ಮಂಚದಿಂದ ಕಿಸಕ್ಕನೆ ನಗು ಕೇಳಿತು. ದಾದಿ ಗದರಿಸಿದಳು, ಆಮೇಲೆ ತಾನೂ ಸೆರಗು ಬಾಯಿಗಿಟ್ಟುಕೊಂಡಳು.

ಬೋರ್ಡಿನ ಕೆಲಸ ಬೇರೆಯವನ ಪಾಲಾಯಿತು. ಚಾವಣಿ ಮುಗಿಸಲು ಬಿಡುತ್ತೀರಾ ಎಂದು ಕೇಳಿದ್ದಕ್ಕೆ ಮೇಲ್ವಿಚಾರಕರು, “ನಿಮ್ಮ ಬಣ್ಣ, ನಿಮ್ಮ ಸಮಯ,” ಎಂದು ಕೈ ಬೀಸಿದರು. ಬೆಳಿಗ್ಗೆ ಹೊಟ್ಟೆಪಾಡಿಗೆ ಊರಿನ ಗೋಡೆ, ಮಧ್ಯಾಹ್ನ ವಾರ್ಡು. ಚುಚ್ಚಿಟ್ಟಿದ್ದ ಹಾಳೆಗಳು ಹಾಗೇ ಇದ್ದವು. ಅವನ್ನು ಮಗುಚಿ ಹಿಡಿದು ಪುಡಿ ತಟ್ಟಿದರೆ ಆಕಾಶ ನೆಟ್ಟಗಾಗುತ್ತಿತ್ತು. ಮಕ್ಕಳು ಮಲಗಿದಲ್ಲೇ ಮೇಸ್ತ್ರಿಗಳಾದರು: “ಬೋರ್ಡಕ್ಕಾ, ಇನ್ನೂ ಈ ಕಡೆ! ಅಯ್ಯೋ, ಅಷ್ಟಲ್ಲ!” ಮೈದುನ ಗೊಣಗಿದ: “ಒಬ್ಬ ಸಾಹೇಬರು ಸಾಲದೂಂತ ಒಂಬತ್ತು ಜನ.” ಹನ್ನೊಂದನೇ ದಿನ ಚೇಳಿನ ಎದೆಯಲ್ಲಿ ಕೆಂಪು ಚುಕ್ಕಿ ಬಿತ್ತು. ಹುಡುಗಿ ಒಂದು ಕಣ್ಣು ಮುಚ್ಚಿ ನೋಡಿ, “ಈಗ ಪಾಸು,” ಎಂದಳು.

ಹೆಸರು ಬರೆಯುವಾಗ ಜಗಳ ಶುರುವಾಯಿತು. ಏಳು ಚುಕ್ಕಿ ಸೌಟಲ್ಲ, ತನ್ನ ಊರುಗೋಲು ಎಂದು ಆರನೇ ಮಂಚದವನು ಹಟ ಹಿಡಿದ. ಹಿಡಿ ಇದೆ, ಬಾಗು ಇದೆ, ಇನ್ನೇನು ಬೇಕು? ಬೋರ್ಡಕ್ಕ ಯೋಚಿಸಿದಳು. ಇಲ್ಲ ಎನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಸಪ್ತರ್ಷಿ, ಕರಡಿ, ನೇಗಿಲು, ಸೌಟು, ಚಟ್ಟ ಎಂದು ಬರೆದ ಸಾಲಿನ ಕೊನೆಗೆ ಸಣ್ಣ ಅಕ್ಷರದಲ್ಲಿ ‘ಊರುಗೋಲು’ ಎಂದೂ ಸೇರಿಸಿದಳು.

ಮೇಲ್ವಿಚಾರಕರು ಅದನ್ನು ಇನ್ನೂ ಓದಿಲ್ಲ. ಓದಬೇಕಾದರೆ ಆ ಮಂಚದ ಮೇಲೆ ಒಂದು ಸಲ ಮಲಗಬೇಕು.